ಮುತ್ತಿನ ಕಡಲೂ ಕುವೈತಿನ ಮೊದಲ ಕಥಾಚಿತ್ರವೂ

ತೈಲದ ಐಶ್ವರ್ಯವು ಒದಗುವ ಮುನ್ನ ಕುವೈತಿನ ಜನರ ಅನ್ನವೂ ಋಣವೂ ಕಡಲಿನಲ್ಲಿಯೇ ಇದ್ದುವು. ಬೇಸಗೆಯ ಸುಮಾರು ನಾಲ್ಕು ತಿಂಗಳನ್ನು ಮುತ್ತಿನ ಹಡಗುಗಳಲ್ಲಿ ಕಳೆಯುತ್ತಿದ್ದ ಮುಳುಗುಗಾರರು, ಹಡಗಿನ ನಾಯಕನಾದ ನಾಖುದಾನಿಂದ ಮುಂಗಡ ಪಡೆದು, ತೀರದೆ ಉಳಿದ ಸಾಲವನ್ನು ಎಷ್ಟೋ ವೇಳೆ ಮಕ್ಕಳ ಪಾಲಿಗೆ ಬಿಟ್ಟುಹೋಗುತ್ತಿದ್ದರು. ಜಪಾನಿನ ಕೃಷಿಮುತ್ತಿನ ಪೈಪೋಟಿಯಿಂದ 1930ರ ದಶಕದಲ್ಲಿ ಈ ವೃತ್ತಿಯು ಕ್ಷೀಣಿಸಿತು. 1938ರಲ್ಲಿ ಬುರ್ಗಾನಿನಲ್ಲಿ ಎಣ್ಣೆ ದೊರೆತು, 1946ರಲ್ಲಿ ರಫ್ತು ಮೊದಲಾಯಿತು.

ಹೀಗೆ ಒಂದೇ ತಲೆಮಾರಿನಲ್ಲಿ ಮರೆಯಾದ ಬಾಳನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸಿದುದು ಖಾಲಿದ್ ಅಲ್ ಸಿದ್ದೀಕರು 1972ರಲ್ಲಿ ಕಪ್ಪು-ಬಿಳುಪಿನಲ್ಲಿ ನಿರ್ದೇಶಿಸಿದ ‘ಬಸ್ ಯಾ ಬಹರ್’. ಕುವೈತಿನ ಪ್ರಥಮ ಪೂರ್ಣಪ್ರಮಾಣದ ಕಥಾಚಿತ್ರ. ಬಡ ತರುಣ ಮುಸಾಇದನು ಶ್ರೀಮಂತ ವರ್ತಕನ ಮಗಳು ನೂರಾಳನ್ನು ವರಿಸುವ ಆಸೆಯಿಂದ, ಕಡಲಿನಿಂದಲೇ ಅಂಗವಿಕಲನಾದ ತಂದೆಯ ನಿಷೇಧವನ್ನು ಮೀರಿ, ಮುತ್ತಿಗಾಗಿ ಹೊರಡುತ್ತಾನೆ.

ಈ ಕಥೆಯ ಬಂಧವು ಎಲ್ಲಿಂದಲೋ ಕಡ ತಂದುದಲ್ಲ. ಹಡಗು ಹೊರಡುವುದು, ದಡದಲ್ಲಿ ಹೆಂಗಸರು ಕಾಯುವುದು, ಹಡಗು ಮರಳುವುದು ಎಂಬ ಮುತ್ತಿನ ಋತುವಿನ ಕ್ರಮವೇ ಚಿತ್ರದ ಕ್ರಮವಾಗಿದೆ. ತಂದೆಯ ಜರ್ಜರಿತ ದೇಹವನ್ನು ಒಮ್ಮೆ ಕಂಡ ಪ್ರೇಕ್ಷಕನಿಗೆ, ಮಗನು ಹಗ್ಗ ಹಿಡಿದು ನೀರಿಗಿಳಿಯುವಾಗ ಅಪಾಯವನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ನೀರಿನೊಳಗೆ ಮಾತು ಅಸಾಧ್ಯ. ಮುಳುಗಿದವನ ಪ್ರಾಣವು ಮೇಲೆ ಹಗ್ಗ ಹಿಡಿದ ಸಂಗಡಿಗನ, ಮುಳುಗುಗಾರರು ‘ಸೈಬ್’ ಎನ್ನುವವನ, ಕೈಯಲ್ಲಿರುವುದು. ಆದುದರಿಂದ ಅಲ್ಲಿ ಸಂಭಾಷಣೆಯ ಕೆಲಸವನ್ನೆಲ್ಲ ಛಾಯಾಗ್ರಹಣವೇ ಹೊರಬೇಕಾಯಿತು. ದೃಶ್ಯದ ಮೂಲಕ ಕಥೆ ಹೇಳುವ ವಿದ್ಯೆಗೆ ಇದಕ್ಕಿಂತ ಕಠಿಣವಾದ, ಆದರೆ ಸಹಜವಾದ, ಪರೀಕ್ಷೆಯನ್ನು ನಾನು ಕಾಣೆ.

ಚಿತ್ರದ ನಿಜವಾದ ಧೈರ್ಯವಿರುವುದು ಅಂತ್ಯದಲ್ಲಿ. ಮುಸಾಇದನು ಮರಳುವುದಿಲ್ಲ, ನೂರಾಳನ್ನು ಮುದುಕನಾದ ಸಿರಿವಂತನಿಗೆ ಕೊಟ್ಟು ಮದುವೆಮಾಡುತ್ತಾರೆ, ಮಗನ ಪ್ರಾಣಕ್ಕೆ ಬದಲಾಗಿ ಬಂದ ಮುತ್ತನ್ನು ತಾಯಿ ಕಡಲಿಗೇ ಎಸೆಯುತ್ತಾಳೆ. ಹೊಸ ಸಿರಿಯ ನಾಡೊಂದು ತನ್ನ ಪೂರ್ವಿಕರ ಸಾಹಸವನ್ನು ಕೊಂಡಾಡಿ ಸುಮ್ಮನಾಗಬಹುದಾಗಿದ್ದ ಕಾಲದಲ್ಲಿ, ಆ ಸಾಹಸದ ಹಿಂದಿದ್ದ ಸಾಲವನ್ನೂ ಸ್ತ್ರೀಯರ ಅಸಹಾಯಕತೆಯನ್ನೂ ಮರೆಮಾಡದೆ ತೋರಿಸಿದ ಕೃತಿಯಿದು. ಆ ವರ್ಷದ ಅಕಾಡೆಮಿ ಪ್ರಶಸ್ತಿಯ ಪರಿಗಣನೆಗೆ ಕುವೈತ್ ಕಳುಹಿಸಿದುದೂ ಇದನ್ನೇ.

ಕುವೈತಿನ ಹಾಯಿಹಡಗುಗಳು ಒಂದು ಕಾಲಕ್ಕೆ ಮಂಗಳೂರಿನ ಹಾಗೂ ಮಲಬಾರಿನ ರೇವುಗಳಿಗೆ ಬಂದುಹೋಗುತ್ತಿದ್ದುವು. ಇಂದು ಆ ದೇಶದಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡ ಕುಟುಂಬಗಳು ಈ ಚಿತ್ರವನ್ನು ಮಕ್ಕಳೊಡನೆ ಕುಳಿತು ಒಮ್ಮೆಯಾದರೂ ನೋಡಬೇಕೆಂದು ನನ್ನ ಬಿನ್ನಹ.