ತಕ್ಕಡಿಯಿಂದ ಭಾರದ ನೀರಿನವರೆಗೆ

ಜೀವಂತ ದೇಹ ಎಷ್ಟು ಶಕ್ತಿ ವ್ಯಯಿಸುತ್ತಿದೆ ಎಂಬುದನ್ನು ಅದರಿಂದ ಹೊರಬೀಳುವ ಶಾಖ, ಉಸಿರು ಮತ್ತು ನೀರಿನಿಂದಲೇ ಲೆಕ್ಕ ಹಾಕಬೇಕು. ಇಟಲಿಯ ಪಾದುವಾದಲ್ಲಿ ಪ್ರಾಧ್ಯಾಪಕರಾಗಿದ್ದ ವೈದ್ಯ ಸಾಂಟೋರಿಯೊ ಬಳಸಿದ್ದು ತಕ್ಕಡಿಯನ್ನು. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು ಅವರು ವರ್ಷಗಟ್ಟಲೆ ತಮ್ಮ ತೂಕವನ್ನೂ ಊಟವನ್ನೂ ವಿಸರ್ಜನೆಯನ್ನೂ ತೂಗಿದರು. ಎಂಟು ಪೌಂಡು ಒಳಹೋದರೆ ಐದು ಪೌಂಡು ಕಾಣದಂತೆ ಆವಿಯಾಗುತ್ತದೆ ಎಂದು 1614ರ ತಮ್ಮ ಪುಸ್ತಕದಲ್ಲಿ ಬರೆದರು. ಗಾಳಿಯ ರಸಾಯನವೇ ತಿಳಿಯದ ಕಾಲದಲ್ಲಿ ಇದಕ್ಕಿಂತ ಮುಂದೆ ಹೋಗುವುದು ಸಾಧ್ಯವಿರಲಿಲ್ಲ.

ಆ ರಸಾಯನ ಕೈಗೆ ಬಂದದ್ದು ಪ್ಯಾರಿಸ್‌ನ ರಸಾಯನಜ್ಞ ಲವಾಸಿಯೆ ಕಾಲಕ್ಕೆ. 1782–83ರ ಚಳಿಗಾಲದಲ್ಲಿ ಅವರೂ ಗಣಿತಜ್ಞ ಲಾಪ್ಲಾಸ್ ಅವರೂ ಒಂದು ಗಿನಿಪಿಗ್ ಅನ್ನು ಮಂಜುಗಡ್ಡೆ ಸುತ್ತುವರಿದ ಪಾತ್ರೆಯಲ್ಲಿಟ್ಟರು. ಪ್ರಾಣಿಯ ಮೈಶಾಖಕ್ಕೆ ಒಳಸುತ್ತಿನ ಮಂಜು ಕರಗಿ ನೀರಾಗಿ ಕೆಳಗಿಳಿಯುತ್ತಿತ್ತು. ಕೋಣೆಯ ಶಾಖ ಅಲ್ಲಿಗೆ ತಲುಪದಂತೆ ಹೊರಸುತ್ತಿನ ಮಂಜು ತಡೆಯುತ್ತಿತ್ತು. ಹತ್ತು ಗಂಟೆಯಲ್ಲಿ ಕರಗಿದ್ದು ಸುಮಾರು 13 ಔನ್ಸ್. ಪ್ರಾಣಿ ಉಸಿರಿನಲ್ಲಿ ಬಿಟ್ಟ ಇಂಗಾಲದ ಡೈಆಕ್ಸೈಡಿನಷ್ಟನ್ನೇ ಇದ್ದಿಲು ಸುಟ್ಟು ಪಡೆದರೆ ಕರಗುವ ಮಂಜು ಸುಮಾರು 10.5 ಔನ್ಸ್. ಎರಡೂ ತಾಳೆಯಾಗಲಿಲ್ಲ, ಚಳಿಗೆ ಪ್ರಾಣಿಯ ಕೈಕಾಲು ತಣ್ಣಗಾದದ್ದು ಅದಕ್ಕೆ ಒಂದು ಕಾರಣ. ಆದರೂ ಉಸಿರಾಟವೆಂದರೆ ನಿಧಾನವಾದ ದಹನ ಎಂಬ ತೀರ್ಮಾನಕ್ಕೆ ಅಷ್ಟು ಸಾಕಾಯಿತು. ಈ ಇಡೀ ಇತಿಹಾಸದಲ್ಲಿ ಇಷ್ಟು ಸರಳ ಸಾಧನದಿಂದ ಇಷ್ಟು ದೊಡ್ಡ ಸತ್ಯ ಹೊರಟ ಪ್ರಯೋಗ ಇನ್ನೊಂದಿಲ್ಲ. ಮುಂದೆ ತಮ್ಮ ಸಹೋದ್ಯೋಗಿ ಸೆಗೆನ್ ಅವರ ಉಸಿರನ್ನು ಅಳೆದು, ಚಳಿ, ಊಟ, ದುಡಿಮೆ ಮೂರೂ ಆಮ್ಲಜನಕದ ಬಳಕೆಯನ್ನು ಹೆಚ್ಚಿಸುತ್ತವೆ ಎಂದು ಲವಾಸಿಯೆ ತೋರಿಸಿದರು. 1794ರಲ್ಲಿ ಲವಾಸಿಯೆ ಅವರ ಕೆಲಸವನ್ನು ಗಿಲೊಟಿನ್ ನಡುವೆಯೇ ಕಡಿದುಹಾಕಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಉಪಕರಣ ದೊಡ್ಡದಾಗುತ್ತ ಹೋಯಿತು. ಮ್ಯೂನಿಕ್‌ನಲ್ಲಿ ಪೆಟೆನ್‌ಕೋಫರ್ ಮತ್ತು ಫಾಯ್ಟ್ ಮನುಷ್ಯನೊಬ್ಬ ಒಳಗಿರಬಹುದಾದ, ಉಸಿರನ್ನು ಅಳೆಯುವ ಕೋಣೆ ಕಟ್ಟಿದರು. ನಾಯಿಯೊಂದರ ಮೈಶಾಖವೂ ಉಸಿರಿನಿಂದ ಲೆಕ್ಕ ಹಾಕಿದ ಶಕ್ತಿಯೂ ಹೊಂದುತ್ತವೆ ಎಂದು 1894ರಲ್ಲಿ ಶರೀರಶಾಸ್ತ್ರಜ್ಞ ರೂಬ್ನರ್ ತೋರಿಸಿದರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಆಟ್‌ವಾಟರ್ ಅದನ್ನೇ ಮನುಷ್ಯರಲ್ಲಿ ಖಚಿತಪಡಿಸಿದರು. ಅವರ ಕೋಣೆ ಸುಮಾರು 7 ಅಡಿ ಉದ್ದ, 4 ಅಡಿ ಅಗಲ; ಅದರೊಳಗೆ ಜನ ದಿನಗಟ್ಟಲೆ ಉಂಡು, ಮಲಗಿ, ಸೈಕಲ್ ತುಳಿದರು. ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಶರ್ಕರಪಿಷ್ಟಕ್ಕೆ 4 ಕಿಲೊಕ್ಯಾಲೊರಿ ಎಂಬ, ಇಂದಿಗೂ ಆಹಾರದ ಪೊಟ್ಟಣಗಳ ಹಿಂದಿರುವ ಲೆಕ್ಕ ಅವರದ್ದು.

ಕೋಣೆಯಲ್ಲಿ ಕೂಡಿಹಾಕಿದವನ ಬದುಕು ಅವನ ನಿತ್ಯದ ಬದುಕಲ್ಲ ಎಂಬ ಕೊರತೆ ಮಾತ್ರ ಉಳಿದಿತ್ತು. ಅದನ್ನು ನೀಗಿಸಿದವರು ಮಿನ್ನೆಸೋಟದ ನೇಥನ್ ಲಿಫ್ಸನ್. ಜಲಜನಕ, ಆಮ್ಲಜನಕ ಎರಡರ ಭಾರದ ಐಸೊಟೋಪ್‌ಗಳಿರುವ ನೀರನ್ನು ದೇಹಕ್ಕೆ ಕೊಟ್ಟರೆ, ಜಲಜನಕ ಹೊರಹೋಗುವುದು ನೀರಾಗಿ ಮಾತ್ರ. ಆಮ್ಲಜನಕ ನೀರಾಗಿಯೂ ಇಂಗಾಲದ ಡೈಆಕ್ಸೈಡಾಗಿಯೂ ಹೋಗುತ್ತದೆ. ಎರಡರ ವೇಗದ ಅಂತರವೇ ಉಸಿರಿನ ಲೆಕ್ಕ. 1955ರಲ್ಲಿ ಇಲಿಗಳಲ್ಲಿ ಗೆದ್ದ ಈ ವಿಧಾನ, ಭಾರದ ಆಮ್ಲಜನಕದ ದುಬಾರಿ ಬೆಲೆಯಿಂದಾಗಿ ಮನುಷ್ಯರಿಗೆ ಬಂದದ್ದು 1982ರಲ್ಲಿ.

ಅಳತೆ ಯಾರದ್ದು ಎಂಬ ಪ್ರಶ್ನೆಯೂ ಮುಖ್ಯವೇ. ಶಕ್ತಿವ್ಯಯವನ್ನು ಅಂದಾಜಿಸಲು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೊಟ್ಟ 1985ರ ಸೂತ್ರಗಳು ಹೆಚ್ಚಾಗಿ ಯುರೋಪಿಯನ್ನರ ದತ್ತಾಂಶವನ್ನು ಆಧರಿಸಿದ್ದವು. ಅವು ಭಾರತೀಯರ ವಿಶ್ರಾಂತ ಶಕ್ತಿವ್ಯಯವನ್ನು ಹೆಚ್ಚಾಗಿ ಅಂದಾಜಿಸುತ್ತವೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಅಳೆದು ತೋರಿಸಿದರು. 2021ರಲ್ಲಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಭಾರದ ನೀರಿನ ಅಳತೆಗಳನ್ನು ಒಟ್ಟುಗೂಡಿಸಿದಾಗ, ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನವರೆಗೆ ಶಕ್ತಿವ್ಯಯ ಬಹುತೇಕ ಬದಲಾಗುವುದಿಲ್ಲ, ಇಳಿಕೆ ಆರಂಭವಾಗುವುದು ಅದಾದ ಮೇಲೆಯೇ ಎಂಬುದು ತಿಳಿಯಿತು.