ಫಾರ್ವರ್ಡ್ ಆಗಿ ಬಂದ ಸುಡೊಕು ಬಿಡಿಸಲಾಗುತ್ತಿಲ್ಲವೇ? ತಪ್ಪು ನಿಮ್ಮದೇ ಆಗಿರಬೇಕಿಲ್ಲ

"ನೂರರಲ್ಲಿ ಒಬ್ಬರು ಮಾತ್ರ ಬಿಡಿಸಬಲ್ಲರು" ಎಂಬ ಸಾಲಿನೊಂದಿಗೆ ಸುಡೊಕು ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತವೆ. ಉತ್ತರ ಸಿಗದಿದ್ದಾಗ ಮನೆಯ ಹಿರಿಯರು "ನನಗೆ ಮರೆವಿನ ಕಾಯಿಲೆ ಶುರುವಾಯಿತೇ?" ಎಂದು ಹೆದರುವುದೂ ಉಂಟು. ಹೆದರುವ ಮೊದಲು ಒಗಟನ್ನೇ ಪರೀಕ್ಷಿಸೋಣ.

ಮೊದಲು ಅಂಕಿ ಎಣಿಸಿ

ಸರಿಯಾದ ಸುಡೊಕುಗೆ ಒಂದೇ ಉತ್ತರ ಇರಬೇಕು. ಸಾಮಾನ್ಯ 9×9 ಸುಡೊಕುವಿನಲ್ಲಿ ಮೊದಲೇ ಕೊಟ್ಟ ಅಂಕಿಗಳು 17ಕ್ಕಿಂತ ಕಡಿಮೆ ಇದ್ದರೆ ಅದು ಸಾಧ್ಯವಿಲ್ಲ. ಡಬ್ಲಿನ್‌ನ ಗಣಿತಜ್ಞ ಗ್ಯಾರಿ ಮೆಗ್ವೈರ್ ತಂಡ 2012ರಲ್ಲಿ ಕಂಪ್ಯೂಟರ್ ಮೂಲಕ ಇದನ್ನು ತೋರಿಸಿತು. 1ರಿಂದ 9ರವರೆಗಿನ ಎರಡು ಅಂಕಿಗಳು ಎಲ್ಲಿಯೂ ಇಲ್ಲದಿದ್ದರೂ ಒಗಟು ಕೆಟ್ಟದ್ದೇ: ಆ ಎರಡನ್ನು ಅದಲುಬದಲು ಮಾಡಿದರೆ ಇನ್ನೊಂದು ಉತ್ತರ ಸಿಗುತ್ತದೆ.

ಒಗಟು ಸರಿಯಿದ್ದರೆ ಏನು ಮಾಡಬೇಕು?

ಪ್ರತಿ ಖಾಲಿ ಮನೆಯಲ್ಲಿ ಬರಬಹುದಾದ ಎಲ್ಲ ಅಂಕಿಗಳನ್ನು ಚಿಕ್ಕದಾಗಿ ಬರೆದುಕೊಳ್ಳಿ. ನಂತರ ಈ ಮೂರು ತಂತ್ರ ಬಳಸಿ.

1. ಜೋಡಿ: ಒಂದೇ ಸಾಲಿನ ಎರಡು ಮನೆಗಳಲ್ಲಿ 4 ಮತ್ತು 7 ಮಾತ್ರ ಉಳಿದಿವೆ ಎಂದುಕೊಳ್ಳಿ. ಸುರಪುರದಿಂದ ತಿಂಥಣಿಗೆ ಹೊರಟ ಬಸ್ಸಿನಲ್ಲಿ ಇಬ್ಬರು ಎರಡು ಸೀಟಿಗೆ ಟವೆಲ್ ಹಾಕಿದಂತೆ ಇದು. ಯಾರು ಕಿಟಕಿ ಪಕ್ಕ ಕೂರುತ್ತಾರೋ ಗೊತ್ತಿಲ್ಲ, ಆದರೆ ಮೂರನೆಯವರಿಗೆ ಅಲ್ಲಿ ಜಾಗವಿಲ್ಲ, ಆ ಇಬ್ಬರಿಗೂ ಬೇರೆ ಸೀಟು ಬೇಕಿಲ್ಲ. ಹಾಗಾಗಿ ಆ ಸಾಲಿನ ಉಳಿದ ಮನೆಗಳಿಂದ 4 ಮತ್ತು 7 ಅಳಿಸಿ.

2. ಎಕ್ಸ್-ವಿಂಗ್: 2ನೇ ಅಡ್ಡಸಾಲಿನಲ್ಲಿ 5 ಬರಲು 3 ಮತ್ತು 8ನೇ ಕಂಬಸಾಲಿನ ಮನೆಗಳು ಮಾತ್ರ ಉಳಿದಿವೆ. 6ನೇ ಅಡ್ಡಸಾಲಿನಲ್ಲೂ ಅದೇ ಸ್ಥಿತಿ. ಒಂದರ 5 ಮೂರನೇ ಕಂಬಸಾಲಿಗೆ ಹೋದರೆ ಇನ್ನೊಂದರದ್ದು ಎಂಟನೆಯದಕ್ಕೇ ಹೋಗಬೇಕು. ಆದ್ದರಿಂದ ಆ ಎರಡೂ ಕಂಬಸಾಲುಗಳ ಬೇರೆ ಮನೆಗಳಿಂದ 5 ಅಳಿಸಬಹುದು.

3. ವೈ-ವಿಂಗ್: ನಡುವಿನ ಮನೆಯಲ್ಲಿ 1 ಅಥವಾ 2 ಇದೆ. ಅದರ ಅಡ್ಡಸಾಲಿನ ಒಂದು ಮನೆಯಲ್ಲಿ 1 ಅಥವಾ 3, ಕಂಬಸಾಲಿನ ಒಂದು ಮನೆಯಲ್ಲಿ 2 ಅಥವಾ 3 ಇದೆ. ನಡುವೆ 1 ಬಂದರೂ 2 ಬಂದರೂ, ಪಕ್ಕದ ಎರಡರಲ್ಲಿ ಒಂದು 3 ಆಗಲೇಬೇಕು. ಆ ಎರಡೂ ಮನೆಗಳೊಂದಿಗೆ ಸಾಲು ಅಥವಾ 3×3 ಚೌಕ ಹಂಚಿಕೊಳ್ಳುವ ಮನೆಯಲ್ಲಿ 3 ಇರಲಾರದು.

ಇವು ಯಾವುವೂ ಊಹೆಯಲ್ಲ, ಕಲಿತರೆ ಬರುವ ತರ್ಕ. 2017ರ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಿನಲ್ಲೇ ನಡೆದಿತ್ತು. ಅಂಥ ಸ್ಪರ್ಧೆಗಳಿಗೆ ಬರುವವರೂ ಅಭ್ಯಾಸದಿಂದಲೇ ಪಳಗಿದವರು.

ಹಾಗಾದರೆ ಮರೆವಿನ ಭಯ?

ಸುಡೊಕು ಮರೆವಿನ ಕಾಯಿಲೆಯ ಪರೀಕ್ಷೆಯಲ್ಲ, ಔಷಧವೂ ಅಲ್ಲ. 1936ರಲ್ಲಿ ಹುಟ್ಟಿದ 498 ಜನರ ಬಗ್ಗೆ ಸ್ಕಾಟ್ಲೆಂಡ್‌ನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಗಟು ಬಿಡಿಸುವಂಥ ಹವ್ಯಾಸಗಳು ವಯೋಸಹಜ ಕುಸಿತದ ವೇಗವನ್ನು ತಗ್ಗಿಸಿದ್ದು ಕಂಡುಬರಲಿಲ್ಲ. ಖುಷಿಗಾಗಿ ಆಡಿ. ಆದರೆ ಪರಿಚಿತ ದಾರಿ, ದಿನದ ಲೆಕ್ಕ, ಮನೆಯವರ ಹೆಸರು ಪದೇಪದೇ ಮರೆಯುತ್ತಿದ್ದರೆ ವೈದ್ಯರನ್ನು ಕಾಣಿ. ಮುಂದಿನ ಬಾರಿ ಇಂಥ ಸುಡೊಕು ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಅಂಕಿ ಎಣಿಸಿ.