ಮುಳುಗುಗಾರರಲ್ಲಿ ಕಿವಿತಮಟೆಯ ಗಾಯ

ಸ್ಕೂಬಾ ಡೈವಿಂಗ್ ಮಾಡುವವರ ಮಧ್ಯಕರ್ಣದ ಗಾಳಿಗೂ ಹೊರಗಿನ ನೀರಿಗೂ ನಡುವೆ ಒತ್ತಡದ ವ್ಯತ್ಯಾಸ ಉಂಟಾದಾಗ ಕಿವಿತಮಟೆಯು ಒಳಕ್ಕೆ ಬಾಗಿ ಊದಿಕೊಳ್ಳುವುದು, ರಕ್ತ ಒಸರುವುದು ಅಥವಾ ಹರಿಯುವುದು ಈ ಗಾಯದ ಸ್ವರೂಪ. ಇದು ಬಾರೊಟ್ರಾಮಾದ ಒಂದು ಬಗೆ. ಕರ್ನಾಟಕದಲ್ಲಿ ಸ್ಕೂಬಾ ಡೈವಿಂಗ್‌ಗೆ ಹೆಸರಾದ ತಾಣ ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪ. ಮೊದಲ ಬಾರಿಗೆ ಮುಳುಗುವ ಪ್ರವಾಸಿಗರೂ ಅಲ್ಲಿಗೆ ಬರುತ್ತಾರೆ.

ಕಾರಣ

ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಬಾಯ್ಲ್‌ನ ನಿಯಮದಂತೆ ಗಾಳಿಯ ಗಾತ್ರವು 10 ಮೀಟರ್‌ನಲ್ಲಿ ಅರ್ಧಕ್ಕೆ, 20 ಮೀಟರ್‌ನಲ್ಲಿ ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಅತಿ ಹೆಚ್ಚಿನ ಬದಲಾವಣೆ ಮೇಲ್ಮೈಗೆ ಸಮೀಪದಲ್ಲೇ ಆಗುವುದರಿಂದ, ಹೆಚ್ಚು ಆಳಕ್ಕೆ ಇಳಿಯದವರಿಗೆ ಅಪಾಯವಿಲ್ಲವೆಂಬ ನಂಬಿಕೆ ಸರಿಯಲ್ಲ. ಮೂಗು ಮುಚ್ಚಿ ಮೆಲ್ಲಗೆ ಊದುವ ವಲ್ಸಾಲ್ವಾ ಕ್ರಮದಿಂದ ಯೂಸ್ಟೇಷಿಯನ್ ನಾಳ ತೆರೆದು ಒತ್ತಡ ಸಮವಾಗುತ್ತದೆ. ನೋವು ಕಾಣಿಸಿಕೊಳ್ಳುವ ಮೊದಲೇ ಇದನ್ನು ಮಾಡಬೇಕು. ವ್ಯತ್ಯಾಸ ಹೆಚ್ಚಾದರೆ ನಾಳವು ಬಿಗಿದುಕೊಳ್ಳುತ್ತದೆ. ಆಗ ಬಲವಾಗಿ ಊದಿದರೆ ಒಳಕಿವಿಗೇ ಪೆಟ್ಟಾಗಿ ಶ್ರವಣಶಕ್ತಿ ಶಾಶ್ವತವಾಗಿ ಕುಂದಬಹುದು. ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸುವುದೇ ಕ್ರಮ. ನೆಗಡಿಯಿದ್ದಾಗ ಮುಳುಗಬಾರದು. ಕಿವಿಗೆ ಬಿರಡೆ ಹಾಕುವುದೂ ಹಾನಿಕರ.

ಲಕ್ಷಣ ಮತ್ತು ಚಿಕಿತ್ಸೆ

ನೋವು, ಕಿವಿ ಕಟ್ಟಿದಂತಾಗುವುದು, ಮಂದಶ್ರವಣ ಮುಖ್ಯ ಲಕ್ಷಣಗಳು. ತಮಟೆ ಹರಿದ ಕ್ಷಣ ನೋವು ಕಡಿಮೆಯಾಗುವುದುಂಟು. ಆದರೆ ತಣ್ಣೀರು ಮಧ್ಯಕರ್ಣಕ್ಕೆ ನುಗ್ಗಿ ತಲೆ ಸುತ್ತುತ್ತದೆ, ದಿಕ್ಕು ತಪ್ಪುತ್ತದೆ. ನೀರಿನಡಿಯಲ್ಲಿ ಇದು ಪ್ರಾಣಾಪಾಯಕರ. ತಲೆಸುತ್ತು, ಕಿವಿಮೊರೆತ ಅಥವಾ ಹಠಾತ್ ಕಿವುಡು ಮುಂದುವರಿದರೆ ತಡಮಾಡದೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಸಣ್ಣ ರಂಧ್ರಗಳು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಅಲ್ಲಿಯವರೆಗೆ ಕಿವಿಗೆ ನೀರು ಸೋಕಿಸಬಾರದು, ಎಣ್ಣೆ ಬಿಡಬಾರದು. ಮುಚ್ಚದ ರಂಧ್ರಕ್ಕೆ ಟಿಂಪನೋಪ್ಲಾಸ್ಟಿ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ.